ಪಾಸ್ತಾ ಬೇಯಿಸಿದ ನೀರನ್ನು ಚೆಲ್ಲುವ ಮೊದಲು

ಹೋದ ತಿಂಗಳು ಒಂದು ರಾತ್ರಿ ಅಕ್ಕನ ಮಗಳು ಫೋನ್ ಮಾಡಿದಳು. ಹೊಸದಾಗಿ ಕೆಲಸಕ್ಕೆ ಸೇರಿದ್ದಾಳೆ, ಒಬ್ಬಳೇ ಇದ್ದಾಳೆ, ಅಡುಗೆ ಈಗ ಕಲಿಯುತ್ತಿದ್ದಾಳೆ. "ಚಿಕ್ಕಮ್ಮಾ, ಪಾಸ್ತಾ ಮಾಡಿದೆ. ಎಲ್ಲ ಸೇರಿ ಒಂದೇ ಗಡ್ಡೆ ಆಗಿಬಿಟ್ಟಿದೆ. ಸಾಸ್ ನೋಡಿದ್ರೆ ತಟ್ಟೆಯ ತಳದಲ್ಲಿ ನೀರಾಗಿ ನಿಂತಿದೆ. ಪ್ಯಾಕೆಟ್ ಮೇಲೆ ಬರೆದ ಹಾಗೇ ಮಾಡಿದ್ದೀನಿ" ಅಂದಳು.

"ಬೇಯಿಸಿದ ನೀರು ಏನು ಮಾಡಿದೆ?" ಅಂತ ಕೇಳಿದೆ.

"ಚೆಲ್ಲಿದೆ. ಆಮೇಲೆ ಅಂಟಬಾರದು ಅಂತ ಪಾಸ್ತಾನ ನಲ್ಲಿ ಕೆಳಗೆ ಹಿಡಿದು ತೊಳೆದೆ."

ಅವಳದೇನೂ ತಪ್ಪಿಲ್ಲ. ಎಷ್ಟು ನಿಮಿಷ ಬೇಯಿಸಬೇಕು ಅಂತ ಪ್ಯಾಕೆಟ್ ಹೇಳುತ್ತದೆ, ಯಾಕೆ ಅಂತ ಹೇಳುವುದಿಲ್ಲ. ಒಳಗೆ ಏನು ನಡೆಯುತ್ತದೆ ಅಂತ ಒಮ್ಮೆ ಗೊತ್ತಾದರೆ ಪ್ಯಾಕೆಟ್ ನೋಡುವ ಅಗತ್ಯವೇ ಬೀಳುವುದಿಲ್ಲ. ಅವತ್ತು ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಇನ್ನಷ್ಟು ಬಿಡಿಸಿ ಬರೆಯುತ್ತಿದ್ದೇನೆ.

## ಪಾಸ್ತಾ ಅಂದರೆ ಏನು?

ಗೋಧಿ ಹಿಟ್ಟು ಅಥವಾ ರವೆ, ಜೊತೆಗೆ ನೀರು ಅಥವಾ ಮೊಟ್ಟೆ. ಕಲಸಿ, ನಾದಿ, ಆಕಾರ ಕೊಟ್ಟು ನೀರಲ್ಲಿ ಬೇಯಿಸಿದರೆ ಪಾಸ್ತಾ. ಇಟಲಿಯ ಭಾಷೆಯಲ್ಲಿ ಪಾಸ್ತಾ ಅಂದರೆ ಕಲಸಿದ ಹಿಟ್ಟು ಅಂತಲೇ ಅರ್ಥ.

ಅಂಗಡಿಯಲ್ಲಿ ಪ್ಯಾಕೆಟ್ಟಿನಲ್ಲಿ ಸಿಗುವುದು ಒಣ ಪಾಸ್ತಾ. ಇದಕ್ಕೆ ಬಳಸುವುದು ಡ್ಯೂರಮ್ ಅನ್ನುವ ಗಟ್ಟಿ ಜಾತಿಯ ಗೋಧಿ. ಇದರ ಕಾಳು ಎಷ್ಟು ಗಟ್ಟಿ ಅಂದರೆ ಬೀಸಿದಾಗ ನುಣ್ಣಗಾಗದೆ ತರಿತರಿಯಾಗಿ, ಹಳದಿ ರವೆಯಾಗಿ ಒಡೆಯುತ್ತದೆ. ಪಾಸ್ತಾದ ಹೊಂಬಣ್ಣ ಬರುವುದು ಈ ಗೋಧಿಯಿಂದಲೇ, ಯಾವ ಬಣ್ಣವನ್ನೂ ಸೇರಿಸಿರುವುದಿಲ್ಲ. ಇಟಲಿಯಲ್ಲಿ ಒಣ ಪಾಸ್ತಾವನ್ನು ಡ್ಯೂರಮ್ ರವೆಯಿಂದಲೇ ಮಾಡಬೇಕು ಅಂತ 1967ರಲ್ಲೇ ಕಾನೂನು ಮಾಡಿದರು. ಅದರಲ್ಲಿ ತೇವ 12.5 ಶೇಕಡಾ ಮೀರುವಂತಿಲ್ಲ. ತೇವ ಇಷ್ಟು ಕಡಿಮೆ ಇರುವುದರಿಂದಲೇ ಅದು ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ.

ಇನ್ನೊಂದು ಹಸಿ ಪಾಸ್ತಾ. ಮೆತ್ತನೆಯ ಗೋಧಿ ಹಿಟ್ಟು ಮತ್ತು ಮೊಟ್ಟೆ ಕಲಸಿ ಮಾಡುವುದು ಇಟಲಿಯ ಉತ್ತರ ಭಾಗದ ರೂಢಿ. ದಕ್ಷಿಣದಲ್ಲಿ ಡ್ಯೂರಮ್ ರವೆ ಮತ್ತು ಬರೀ ನೀರು. ಹಸಿಯದು ಮೇಲು, ಒಣಗಿದ್ದು ಕೀಳು ಅಂತ ಏನೂ ಇಲ್ಲ. ಎರಡೂ ಬೇರೆ ಬೇರೆ ಪದಾರ್ಥ, ಅಷ್ಟೇ. ಬೆಳ್ಳುಳ್ಳಿ-ಎಣ್ಣೆಯ ಪಾಸ್ತಾಗೆ ನಾನಂತೂ ಒಣಗಿದ್ದನ್ನೇ ಹಾಕುತ್ತೇನೆ.

ಮಾರ್ಕೊ ಪೋಲೋ ಚೀನಾದಿಂದ ಪಾಸ್ತಾ ತಂದ ಅನ್ನುವ ಕಥೆಯನ್ನು ನೀವು ಕೇಳಿರಬಹುದು. ಅವನು ವೆನಿಸ್‌ಗೆ ವಾಪಸ್ ಬಂದದ್ದು 1295ರಲ್ಲಿ. ಆದರೆ 1279ರಲ್ಲೇ ಇಟಲಿಯ ಜಿನೋವಾದಲ್ಲಿ ಒಬ್ಬ ಸೈನಿಕನ ಆಸ್ತಿ ಪಟ್ಟಿ ಬರೆದ ನೋಟರಿ ಅದರಲ್ಲಿ ಒಂದು ಬುಟ್ಟಿ ಮ್ಯಾಕರೋನಿಯನ್ನೂ ಸೇರಿಸಿದ್ದ. ಅದಕ್ಕೂ ಮೊದಲು, 1154ರಲ್ಲಿ, ಅಲ್ ಇದ್ರೀಸಿ ಎಂಬ ಅರಬ್ ಭೂಗೋಳಕಾರ ಸಿಸಿಲಿ ದ್ವೀಪದ ತ್ರಾಬಿಯಾ ಎಂಬ ಊರಲ್ಲಿ ಎಳೆಯಾಕಾರದ ಒಣ ಪಾಸ್ತಾ ತಯಾರಾಗಿ ಹಡಗಿನಲ್ಲಿ ಹೊರದೇಶಕ್ಕೆ ಹೋಗುತ್ತಿತ್ತು ಅಂತ ಬರೆದಿಟ್ಟಿದ್ದಾನೆ.

## ಬಲೆ ಮತ್ತು ಬಲೂನು

ಇಡೀ ವಿಷಯದ ತಿರುಳು ಇಲ್ಲಿದೆ. ಸ್ವಲ್ಪ ನಿಧಾನವಾಗಿ ಓದಿ.

ಗೋಧಿಯಲ್ಲಿ ನಮಗೆ ಬೇಕಾದವು ಎರಡು. ಒಂದು ಪಿಷ್ಟ, ಅಂದರೆ ಬಟ್ಟೆಗೆ ಹಾಕುವ ಗಂಜಿಯಲ್ಲಿ ಇರುತ್ತದಲ್ಲ, ಅದೇ ವಸ್ತು. ಇನ್ನೊಂದು ಪ್ರೋಟೀನು. ಹಿಟ್ಟಿಗೆ ನೀರು ಹಾಕಿ ನಾದಿದಾಗ ಈ ಪ್ರೋಟೀನುಗಳು ಒಂದರ ಕೈ ಒಂದು ಹಿಡಿದುಕೊಂಡು ಎಳೆದರೆ ಹಿಗ್ಗುವ ಬಲೆಯಾಗುತ್ತವೆ. ಆ ಬಲೆಯ ಹೆಸರು ಗ್ಲುಟನ್. ಪಿಷ್ಟದ ಸಣ್ಣ ಸಣ್ಣ ಕಣಗಳು ಈ ಬಲೆಯ ಕಣ್ಣುಗಳಲ್ಲಿ ಸಿಕ್ಕಿಕೊಂಡಿರುತ್ತವೆ.

ಈಗ ಇದನ್ನು ಕುದಿಯುವ ನೀರಿಗೆ ಹಾಕಿ. ಎರಡು ಕೆಲಸ ಒಟ್ಟಿಗೇ ಶುರುವಾಗುತ್ತವೆ. ಶಾಖ ಸುಮಾರು 60 ಡಿಗ್ರಿ ದಾಟುತ್ತಿದ್ದ ಹಾಗೆ ಪಿಷ್ಟದ ಕಣಗಳು ನೀರು ಕುಡಿದು ಬಲೂನಿನ ಹಾಗೆ ಉಬ್ಬುತ್ತವೆ. ಅದೇ ಹೊತ್ತಿಗೆ ಪ್ರೋಟೀನಿನ ಬಲೆ ಬಿಸಿಗೆ ಗಟ್ಟಿಯಾಗುತ್ತಾ ಹೋಗುತ್ತದೆ. ಬಲೆ ಬಲವಾಗಿದ್ದರೆ ಉಬ್ಬಿದ ಬಲೂನುಗಳು ಒಳಗೇ ಉಳಿಯುತ್ತವೆ. ಪಾಸ್ತಾ ಮೆತ್ತಗಾದರೂ ಆಕಾರ ಬಿಡುವುದಿಲ್ಲ. ಬಲೆ ದುರ್ಬಲವಾಗಿದ್ದರೆ ಬಲೂನುಗಳು ಒಡೆದು ಪಿಷ್ಟ ಹೊರಗೆ ಸೋರುತ್ತದೆ. ಆಗ ಮೈಯೆಲ್ಲಾ ಅಂಟಂಟು, ಒಂದಕ್ಕೊಂದು ಹಿಡಿದುಕೊಳ್ಳುತ್ತದೆ.

ಡ್ಯೂರಮ್ ಗೋಧಿಯಲ್ಲಿ ಪ್ರೋಟೀನು ಜಾಸ್ತಿ, ಬಲೆ ಗಟ್ಟಿ. ಅದಕ್ಕೇ ಅದನ್ನು ಆರಿಸುತ್ತಾರೆ. ಮೆತ್ತನೆ ಹಿಟ್ಟಿನ ಪಾಸ್ತಾಗೆ ಮೊಟ್ಟೆ ಹಾಕುವುದು ಇದೇ ಕಾರಣಕ್ಕೆ. ಮೊಟ್ಟೆಯ ಪ್ರೋಟೀನು ಕೂಡ ಬಿಸಿಗೆ ಗಟ್ಟಿಯಾಗಿ ಬಲೆಗೆ ಆಸರೆ ಕೊಡುತ್ತದೆ. ಪ್ಯಾಕೆಟ್ ಕೊಳ್ಳುವಾಗ ಹಿಂಬದಿಯ ಪಟ್ಟಿಯಲ್ಲಿ 100 ಗ್ರಾಂಗೆ ಪ್ರೋಟೀನು ಎಷ್ಟು ಅಂತ ನೋಡಿ. 12-13 ಗ್ರಾಂ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸಾಮಾನ್ಯವಾಗಿ ಅದು ಬೇಯುವಾಗ ಚೆನ್ನಾಗಿ ನಿಲ್ಲುತ್ತದೆ.

ಇನ್ನೊಂದು ಗುರುತೂ ಇದೆ. ಕೆಲವು ಪಾಸ್ತಾ ನುಣ್ಣಗೆ ಹೊಳೆಯುತ್ತದೆ. ಕೆಲವು ಮಂಕಾಗಿ, ಮೈಮೇಲೆ ಹಿಟ್ಟು ಉದುರಿಸಿದ ಹಾಗೆ ಕಾಣುತ್ತದೆ. ಮಂಕಾದದ್ದು ಸಾಮಾನ್ಯವಾಗಿ ಕಂಚಿನ ಅಚ್ಚಿನಿಂದ ಬಂದದ್ದು, ಹೊಳೆಯುವುದು ಟೆಫ್ಲಾನ್ ಅಚ್ಚಿನದು. ಕಂಚಿನ ಅಚ್ಚು ಪಾಸ್ತಾದ ಮೈಯನ್ನು ಸ್ವಲ್ಪ ಒರಟು ಮಾಡುತ್ತದೆ. ಒರಟು ಮೈಗೆ ಸಾಸ್ ಚೆನ್ನಾಗಿ ಹಿಡಿಯುತ್ತದೆ, ನೀರಿಗೂ ಪಿಷ್ಟ ಜಾಸ್ತಿ ಬಿಡುತ್ತದೆ. ಅದು ಒಳ್ಳೆಯದೇ. ಯಾಕೆ ಅಂತ ಮುಂದೆ ಹೇಳುತ್ತೇನೆ.

## ನೀರೆಷ್ಟು, ಉಪ್ಪೆಷ್ಟು, ಎಣ್ಣೆ ಬೇಕಾ?

ಇಟಲಿಯ ಮನೆಗಳಲ್ಲಿ ಹೇಳಿಕೊಡುವ ಲೆಕ್ಕ ಸುಲಭ: 100 ಗ್ರಾಂ ಪಾಸ್ತಾಗೆ 1 ಲೀಟರ್ ನೀರು, 10 ಗ್ರಾಂ ಉಪ್ಪು. ಒಬ್ಬರಿಗೆ 80ರಿಂದ 100 ಗ್ರಾಂ ಒಣ ಪಾಸ್ತಾ ಸಾಕು. ಬೆಂದ ಮೇಲೆ ಅದು ಎರಡು ಪಟ್ಟಿಗಿಂತ ಜಾಸ್ತಿ ತೂಗುತ್ತದೆ.

ಅಷ್ಟು ನೀರು ಬೇಕೇ ಬೇಕಾ? ಇಲ್ಲ. ಜಾಸ್ತಿ ನೀರಿದ್ದರೆ ಪಾಸ್ತಾ ಹಾಕಿದ ಮೇಲೂ ಕುದಿ ಬೇಗ ಮರಳುತ್ತದೆ, ಕಲಕುವುದು ಸ್ವಲ್ಪ ಮರೆತರೂ ನಡೆಯುತ್ತದೆ. ಅರ್ಧದಷ್ಟು ನೀರಲ್ಲೂ ಪಾಸ್ತಾ ಚೆನ್ನಾಗಿಯೇ ಬೇಯುತ್ತದೆ, ಆದರೆ ಆಗಾಗ ಕಲಕುತ್ತಿರಬೇಕು. ಅದರಲ್ಲೊಂದು ಲಾಭವೂ ಇದೆ. ನೀರು ಕಡಿಮೆಯಾದಷ್ಟೂ ಅದರಲ್ಲಿನ ಪಿಷ್ಟ ದಟ್ಟವಾಗುತ್ತದೆ. ನಾನು 200 ಗ್ರಾಂಗೆ ಒಂದು ಲೀಟರಿಗಿಂತ ಸ್ವಲ್ಪವೇ ಹೆಚ್ಚು ಇಡುತ್ತೇನೆ. ನೀರು ಕಡಿಮೆ ಮಾಡಿದರೆ ಉಪ್ಪನ್ನೂ ಅದೇ ಲೆಕ್ಕದಲ್ಲಿ ಕಡಿಮೆ ಮಾಡಿ.

ಉಪ್ಪು ಹಾಕಿದರೆ ನೀರು ಬೇಗ ಕುದಿಯುತ್ತದೆ ಅಂತ ಕೆಲವರು ಹೇಳುತ್ತಾರೆ. ಅದು ನಿಜವಲ್ಲ. ಲೀಟರಿಗೆ 10 ಗ್ರಾಂ ಉಪ್ಪು ಹಾಕಿದರೆ ಕುದಿಯುವ ಬಿಂದು 1 ಡಿಗ್ರಿಯ ಐದನೇ ಒಂದು ಭಾಗದಷ್ಟೂ ಏರುವುದಿಲ್ಲ. ಉಪ್ಪು ಇರುವುದು ರುಚಿಗೆ ಮಾತ್ರ. ಪಾಸ್ತಾ ನೀರು ಕುಡಿಯುವಾಗಲೇ ಉಪ್ಪೂ ಒಳಗೆ ಹೋಗಬೇಕು. ಬೆಂದ ಮೇಲೆ ಎಷ್ಟು ಉದುರಿಸಿದರೂ ಅದು ಮೈಮೇಲೆ ಕೂರುತ್ತದೆ, ಒಳಗೆ ಸಪ್ಪೆಯೇ.

ಎಣ್ಣೆ ಬೇಡ. ಸುಮ್ನೆ ವೇಸ್ಟು. ಎಣ್ಣೆ ನೀರಿನ ಮೇಲೆ ತೇಲುತ್ತದೆ, ಒಳಗೆ ಮುಳುಗಿರುವ ಪಾಸ್ತಾಗೆ ತಾಕುವುದೇ ಇಲ್ಲ. ಬಸಿಯುವಾಗ ಮಾತ್ರ ಮೈಗೆ ಸವರಿಕೊಳ್ಳುತ್ತದೆ. ಆಮೇಲೆ ಸಾಸ್ ಹಾಕಿದರೆ ಜಾರಿ ಹೋಗುತ್ತದೆ.

ಹಾಗಾದರೆ ಅಂಟದ ಹಾಗೆ ಏನು ಮಾಡಬೇಕು? ಮೊದಲ ಎರಡು ನಿಮಿಷ ಕಲಕಬೇಕು. ನೀರಿಗೆ ಬಿದ್ದ ಕೂಡಲೇ ಪಾಸ್ತಾದ ಹೊರಮೈಯ ಪಿಷ್ಟ ಉಬ್ಬಿ ಅಂಟಾಗುತ್ತದೆ. ಆಗ ಎರಡು ತುಂಡು ಪಕ್ಕಪಕ್ಕ ಕೂತರೆ ಬೆಸೆದುಬಿಡುತ್ತವೆ. ಕಲಕುತ್ತಾ ಇದ್ದರೆ ಆ ಅಂಟು ನೀರಿನಲ್ಲಿ ತೊಳೆದುಹೋಗುತ್ತದೆ. ಸ್ಪಗೆಟ್ಟಿ ಅನ್ನುವ ಎಳೆಯಾಕಾರದ ಪಾಸ್ತಾ ಪಾತ್ರೆಗಿಂತ ಉದ್ದ ಇದ್ದರೆ ಮುರಿಯಬೇಡಿ. ಕೆಳಗಿನ ತುದಿ ನೀರಲ್ಲಿರಲಿ, ಒಂದು ನಿಮಿಷದಲ್ಲಿ ಮೆತ್ತಗಾಗಿ ತಾನೇ ಬಾಗಿ ಒಳಗೆ ಇಳಿಯುತ್ತದೆ.

ಉರಿಯ ವಿಷಯಕ್ಕೆ ಬಂದರೆ, 2022ರಲ್ಲಿ ಇಟಲಿಯಲ್ಲಿ ಇದರ ಬಗ್ಗೆ ದೊಡ್ಡ ಚರ್ಚೆಯೇ ನಡೆಯಿತು. 2021ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ಜಾರ್ಜೊ ಪರೀಸಿ, ಗ್ಯಾಸ್ ಉಳಿಸುವ ಒಂದು ಉಪಾಯವನ್ನು ಜಾಲತಾಣದಲ್ಲಿ ಹಂಚಿಕೊಂಡರು. ಪಾಸ್ತಾ ಹಾಕಿ ನೀರು ಮತ್ತೆ ಕುದಿ ಬಂದು ಎರಡು ನಿಮಿಷ ಆದ ಮೇಲೆ ಉರಿ ಆರಿಸಿ, ಮುಚ್ಚಳ ಮುಚ್ಚಿಡಿ ಅನ್ನುವುದು ಉಪಾಯ. ಅಲ್ಲಿನ ಕೆಲವು ಬಾಣಸಿಗರಿಗೆ ಇದು ಒಪ್ಪಿಗೆಯಾಗಲಿಲ್ಲ. ಆದರೆ ಲೆಕ್ಕ ಸರಿಯಾಗಿಯೇ ಇದೆ. ಪಿಷ್ಟ ಉಬ್ಬಲು, ಬಲೆ ಗಟ್ಟಿಯಾಗಲು 100 ಡಿಗ್ರಿಯೇ ಬೇಕು ಅಂತ ಇಲ್ಲ. ಮುಚ್ಚಿದ ಪಾತ್ರೆಯ ನೀರು ಅಷ್ಟು ಹೊತ್ತು ಸಾಕಷ್ಟು ಬಿಸಿಯಾಗಿಯೇ ಇರುತ್ತದೆ. ಒಂದೆರಡು ನಿಮಿಷ ಜಾಸ್ತಿ ಹಿಡಿಯಬಹುದು, ಅಷ್ಟೇ.

ಎತ್ತರದ ಜಾಗದಲ್ಲಿ ಇರುವವರಿಗೆ ಒಂದು ಮಾತು. ಸುಮಾರು 300 ಮೀಟರ್ ಮೇಲೇರಿದರೆ ನೀರು ಕುದಿಯುವ ಬಿಸಿ 1 ಡಿಗ್ರಿ ಇಳಿಯುತ್ತದೆ. ಹಾಗಾಗಿ ಪ್ಯಾಕೆಟ್ ಹೇಳಿದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಬೇಕಾಗಬಹುದು.

## ಹಲ್ಲಿಗೆ ಸಿಗುವ ಹದ

ಅಲ್ ದೆಂತೆ ಅನ್ನುವ ಮಾತು ಎಲ್ಲ ಪಾಸ್ತಾ ಅಡುಗೆಯಲ್ಲೂ ಬರುತ್ತದೆ. ಹಲ್ಲಿಗೆ ಅಂತ ಅದರ ಅರ್ಥ. ಪೂರ್ತಿ ಮೆತ್ತಗಾಗಿರಬಾರದು, ಹಸಿಯಾಗಿಯೂ ಇರಬಾರದು, ಕಚ್ಚಿದಾಗ ನಡುವೆ ಒಂದು ಸಣ್ಣ ತಡೆ ಸಿಗಬೇಕು.

ಇದನ್ನು ಕಣ್ಣಲ್ಲೇ ನೋಡಬಹುದು. ಪ್ಯಾಕೆಟ್ 11 ನಿಮಿಷ ಅಂದಿದ್ದರೆ ಏಳನೇ ನಿಮಿಷಕ್ಕೆ ಒಂದು ಪೆನ್ನೆ, ಅಂದರೆ ಕೊಳವೆಯಾಕಾರದ ಪಾಸ್ತಾ, ತೆಗೆದು ಚಾಕುವಿನಿಂದ ಅಡ್ಡ ಕತ್ತರಿಸಿ. ಕೊಳವೆಯ ಗೋಡೆಯ ಮಧ್ಯದಲ್ಲಿ ಸುತ್ತಲೂ ಒಂದು ಬಿಳಿ ಗೆರೆ ಕಾಣುತ್ತದೆ. ಸೀಮೆಸುಣ್ಣದಲ್ಲಿ ಎಳೆದ ಹಾಗೆ ಇರುತ್ತದೆ. ಅಲ್ಲಿಗೆ ನೀರು ಇನ್ನೂ ತಲುಪಿಲ್ಲ ಅಂತ ಅರ್ಥ. ಒಂದು ನಿಮಿಷ ಬಿಟ್ಟು ಮತ್ತೊಂದು ಕತ್ತರಿಸಿ. ಗೆರೆ ತೆಳುವಾಗಿ, ಅಲ್ಲಲ್ಲಿ ತುಂಡಾಗಿರುತ್ತದೆ. ಸ್ಪಗೆಟ್ಟಿಯಾದರೆ ಗೆರೆಯ ಬದಲು ನಡುವೆ ಒಂದು ಬಿಳಿ ಚುಕ್ಕೆ. ಆ ಚುಕ್ಕೆ ಸೂಜಿಯ ಮೊನೆಯಷ್ಟು ಉಳಿದಾಗ ಇಳಿಸಿ. ಯಾಕೆ ಅಂದರೆ ಪಾಸ್ತಾದ ಬೇಯುವಿಕೆ ಅಲ್ಲಿಗೆ ಮುಗಿಯುವುದಿಲ್ಲ. ಕೊನೆಯ ಒಂದೆರಡು ನಿಮಿಷ ಅದು ಸಾಸಿನ ಬಾಣಲೆಯಲ್ಲಿ ಬೇಯಬೇಕು.

ಹದವಾಗಿ ಬೆಂದ ಪಾಸ್ತಾದಲ್ಲಿ ಪಿಷ್ಟ ಇನ್ನೂ ಪ್ರೋಟೀನಿನ ಬಲೆಯೊಳಗೇ ಇರುತ್ತದೆ. ಜೀರ್ಣರಸಕ್ಕೆ ಅದನ್ನು ಬಿಡಿಸಿಕೊಳ್ಳಲು ಹೊತ್ತು ಬೇಕು. ಅದಕ್ಕೇ ಅಷ್ಟೇ ಗೋಧಿಯ ಬ್ರೆಡ್ಡಿಗಿಂತ ಪಾಸ್ತಾ ತಿಂದಾಗ ರಕ್ತದ ಸಕ್ಕರೆ ನಿಧಾನವಾಗಿ ಏರುತ್ತದೆ. ತೀರಾ ಬೇಯಿಸಿ ಬಲೆ ಸಡಿಲವಾದರೆ ಈ ಗುಣ ಕಡಿಮೆಯಾಗುತ್ತದೆ.

## ಕದಡಿದ ನೀರು ಮಾಡುವ ಕೆಲಸ

ಈಗ ಅಕ್ಕನ ಮಗಳು ಚೆಲ್ಲಿದ ನೀರಿನ ಹತ್ತಿರ ಬರೋಣ.

ಎಣ್ಣೆ ಮತ್ತು ನೀರು ಬೆರೆಯುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ಬಾಟಲಿಯಲ್ಲಿ ಹಾಕಿ ಅಲ್ಲಾಡಿಸಿದರೆ ಎಣ್ಣೆ ಸಣ್ಣ ಹನಿಗಳಾಗಿ ಚದುರುತ್ತದೆ. ಸ್ವಲ್ಪ ಹೊತ್ತಿಗೆ ಹನಿಗಳು ಒಂದಕ್ಕೊಂದು ಸೇರಿ ಮತ್ತೆ ಮೇಲೆ ಬರುತ್ತವೆ. ಪಾಸ್ತಾ ಬೆಂದ ನೀರಲ್ಲಿ ಪಿಷ್ಟ ಕರಗಿದೆ. ಅದರಿಂದ ನೀರು ದಪ್ಪವಾಗುತ್ತದೆ, ಎಣ್ಣೆ ಹನಿಗಳು ಓಡಾಡಿ ಒಂದಾಗಲು ಜಾಗ ಸಿಗುವುದಿಲ್ಲ. ಜನ ತುಂಬಿದ ಬಸ್ಸಿನಲ್ಲಿ ಹಿಂದಿನ ಬಾಗಿಲಲ್ಲಿರುವ ಗೆಳೆಯನ ಹತ್ತಿರ ಹೋಗಲಾಗುವುದಿಲ್ಲ ಅಲ್ವಾ, ಹಾಗೆ. ಎಣ್ಣೆ, ನೀರು ಬೇರೆಯಾಗದೆ ಕೆನೆಯ ಹಾಗೆ ಒಂದಾಗಿ ಉಳಿಯುತ್ತವೆ. ಹೀಗೆ ಬೆರೆಸುವುದಕ್ಕೆ ಇಟಲಿಯವರು ಮಾಂತೆಕಾರೆ ಅನ್ನುತ್ತಾರೆ.

ಇದನ್ನು ನೋಡಲು ಅತ್ಯಂತ ಸರಳವಾದ ಅಡುಗೆ ಆಲಿಯೋ ಎ ಓಲಿಯೋ, ಅಂದರೆ ಬೆಳ್ಳುಳ್ಳಿ ಮತ್ತು ಎಣ್ಣೆ. ಇಬ್ಬರಿಗೆ 200 ಗ್ರಾಂ ಸ್ಪಗೆಟ್ಟಿ, ನಾಲ್ಕು ದೊಡ್ಡ ಚಮಚ ಆಲಿವ್ ಎಣ್ಣೆ, ನಾಲ್ಕು ಎಸಳು ಬೆಳ್ಳುಳ್ಳಿ, ಒಂದು ಒಣಮೆಣಸಿನಕಾಯಿ. ಸ್ಪಗೆಟ್ಟಿ ಬೇಯುತ್ತಿರುವಾಗ ಬೆಳ್ಳುಳ್ಳಿಯನ್ನು ತೆಳ್ಳಗೆ ಹೆಚ್ಚಿ ತಣ್ಣನೆಯ ಎಣ್ಣೆಗೇ ಹಾಕಿ, ಮಂದ ಉರಿ ಇಡಿ. ಕಾದ ಎಣ್ಣೆಗೆ ಹಾಕಿದರೆ ಪರಿಮಳ ಬಿಡುವ ಮೊದಲೇ ಅಂಚು ಸೀದು ಕಹಿಯಾಗುತ್ತದೆ. ಬೆಳ್ಳುಳ್ಳಿ ತಿಳಿ ಹೊನ್ನಿನ ಬಣ್ಣಕ್ಕೆ ತಿರುಗುತ್ತಿದ್ದಂತೆ ಮೆಣಸಿನಕಾಯಿ ಮುರಿದು ಹಾಕಿ. ತಕ್ಷಣ ಒಂದು ಸೌಟು ಪಾಸ್ತಾ ನೀರು ಸುರಿಯಿರಿ. ಚುರ್ ಅನ್ನುತ್ತದೆ, ಹೆದರಬೇಡಿ, ಬೆಳ್ಳುಳ್ಳಿ ಸೀಯುವುದು ಅಲ್ಲಿಗೆ ನಿಲ್ಲುತ್ತದೆ.

ಆಗ ಬಾಣಲೆ ನೋಡಿ. ಬೂದು ಬಣ್ಣದ ನೀರು, ಅದರ ಮೇಲೆ ಹಳದಿ ಕಣ್ಣುಗಳ ಹಾಗೆ ಎಣ್ಣೆ. ಕೆಟ್ಟುಹೋಯಿತು ಅನ್ನಿಸುತ್ತದೆ. ಸ್ಪಗೆಟ್ಟಿಯನ್ನು ಇಕ್ಕಳದಲ್ಲಿ ಎತ್ತಿ, ನೀರು ಸೋರುತ್ತಿರುವಾಗಲೇ ಇದಕ್ಕೆ ಹಾಕಿ ಜೋರು ಉರಿಯಲ್ಲಿ ತಿರುವುತ್ತಾ ಇರಿ. ಮೊದಲು ಆ ಹಳದಿ ಕಣ್ಣುಗಳು ಚಿಕ್ಕವಾಗುತ್ತವೆ. ಆಮೇಲೆ ಕಾಣದೇ ಹೋಗುತ್ತವೆ. ಗುಳ್ಳೆಗಳ ಸದ್ದು ಬದಲಾಗಿ ದಪ್ಪವಾಗುತ್ತದೆ. ಬಾಣಲೆಯನ್ನು ಸ್ವಲ್ಪ ಓರೆ ಮಾಡಿದರೆ ನೀರಿನ ಹಾಗೆ ಹರಿಯದೆ, ಹಾಲಿನ ಬಣ್ಣದ ರಸ ಎಳೆಗಳಿಗೆ ಅಂಟಿಕೊಂಡೇ ನಿಧಾನ ಜಾರುತ್ತದೆ. ಒಂದು ನಿಮಿಷದ ಕೆಲಸ. ಪ್ರತಿ ಸಲವೂ ಆ ಒಂದು ನಿಮಿಷ ನನಗೆ ಹೊಸದೇ. ತೀರಾ ಗಟ್ಟಿಯಾದರೆ ಇನ್ನೆರಡು ಚಮಚ ನೀರು, ತೀರಾ ತೆಳುವಾದರೆ ಇನ್ನರ್ಧ ನಿಮಿಷ ಉರಿ.

ಪಾಸ್ತಾ ತೊಳೆಯಬಾರದು ಅನ್ನುವುದು ಇದಕ್ಕೇ. ತೊಳೆದರೆ ಸಾಸನ್ನು ಹಿಡಿದುಕೊಳ್ಳುವ ಪಿಷ್ಟದ ಪದರವೇ ಹೋಗುತ್ತದೆ. ತಣ್ಣನೆಯ ಸಲಾಡ್ ಮಾಡುವಾಗ ಮಾತ್ರ ತೊಳೆಯಬಹುದು. ಮತ್ತೆ, ಬಸಿದ ಪಾಸ್ತಾ ಜರಡಿಯಲ್ಲಿ ಸುಮ್ನೆ ಕೂರಬಾರದು. ನೀರು ಆರುತ್ತಿದ್ದಂತೆ ಆ ಪದರ ಗೋಂದಿನ ಹಾಗೆ ಗಟ್ಟಿಯಾಗುತ್ತದೆ, ಆಗಲೇ ಗಡ್ಡೆ ಆಗುವುದು. ಸಾಸ್ ಪಾಸ್ತಾಗೆ ಕಾಯಬಹುದು, ಪಾಸ್ತಾ ಸಾಸಿಗೆ ಕಾಯಬಾರದು. ಬಸಿಯುವ ಮೊದಲು ಒಂದು ಲೋಟ ನೀರು ಎತ್ತಿಡಿ. ಮರೆಯುತ್ತೀರಾದರೆ ಜರಡಿಯ ಒಳಗೇ ಲೋಟ ಇಟ್ಟುಕೊಳ್ಳಿ, ಬಸಿಯಲು ಹೋದಾಗ ಅದು ಕಣ್ಣಿಗೆ ಬೀಳುತ್ತದೆ.

## ಟೊಮ್ಯಾಟೊ ಸಾಸ್

ಟೊಮ್ಯಾಟೊ ಯೂರೋಪಿಗೆ ಬಂದದ್ದೇ 16ನೇ ಶತಮಾನದಲ್ಲಿ, ಅಮೆರಿಕ ಖಂಡದಿಂದ. ಅದಕ್ಕೂ ಮೊದಲಿನ ನೂರಾರು ವರ್ಷ ಇಟಲಿಯ ಪಾಸ್ತಾಗೆ ಟೊಮ್ಯಾಟೊ ಇರಲೇ ಇಲ್ಲ.

ಇಬ್ಬರಿಗೆ 400 ಗ್ರಾಂ ಚೆನ್ನಾಗಿ ಹಣ್ಣಾದ ಟೊಮ್ಯಾಟೊ ಸಾಕು. ಕುದಿ ನೀರಲ್ಲಿ ಅರ್ಧ ನಿಮಿಷ ಅದ್ದಿ, ಸಿಪ್ಪೆ ಸುಲಿದು, ಹಿಸುಕಿ. ಮೂರು ಚಮಚ ಆಲಿವ್ ಎಣ್ಣೆಯಲ್ಲಿ ಎರಡು ಎಸಳು ಬೆಳ್ಳುಳ್ಳಿ ಬಾಡಿಸಿ, ಟೊಮ್ಯಾಟೊ ಮತ್ತು ಉಪ್ಪು ಹಾಕಿ 15-20 ನಿಮಿಷ ಮುಚ್ಚದೆ ಬೇಯಿಸಿ. ಮುಚ್ಚಿದರೆ ನೀರು ಆವಿಯಾಗದೆ ಅಲ್ಲೇ ಉಳಿಯುತ್ತದೆ. ಸೌಟಿನಿಂದ ಬಾಣಲೆಯ ತಳದಲ್ಲಿ ಒಂದು ಗೆರೆ ಎಳೆಯಿರಿ. ಗೆರೆ ಕೂಡಲೇ ಮುಚ್ಚಿಕೊಂಡರೆ ಇನ್ನೂ ನೀರಿದೆ. ಒಂದು ಕ್ಷಣ ತೆರೆದೇ ನಿಂತು, ಅಂಚಿನಲ್ಲಿ ಕೆಂಪನೆಯ ಎಣ್ಣೆ ಕಾಣಿಸಿದರೆ ಸಾಸ್ ಆಯಿತು. ಟೊಮ್ಯಾಟೊದ ಕೆಂಪು ಬಣ್ಣದ ವಸ್ತು ಎಣ್ಣೆಯಲ್ಲಿ ಕರಗುತ್ತದೆ, ಆ ಕೆಂಪು ಬರುವುದು ಅದರಿಂದ. ಹುಳಿ ಜಾಸ್ತಿ ಅನ್ನಿಸಿದರೆ ಒಂದು ಚಿಟಿಕೆ ಸಕ್ಕರೆ ಹಾಕಬಹುದು. ಅದರಿಂದ ಹುಳಿ ಹೋಗುವುದಿಲ್ಲ, ನಾಲಿಗೆಗೆ ಅಷ್ಟು ಗೊತ್ತಾಗುವುದಿಲ್ಲ. ಪಾಸ್ತಾ ಮತ್ತು ಅರ್ಧ ಸೌಟು ನೀರು ಸೇರಿಸಿ ಒಂದು ನಿಮಿಷ ತಿರುವಿ. ಬೇಸಿಲ್ ಎಲೆ ಇದ್ದರೆ ಉರಿ ಆರಿಸಿದ ಮೇಲೆ ಕೈಯಲ್ಲಿ ಹರಿದು ಹಾಕಿ. ಅದರ ಪರಿಮಳ ಬಿಸಿಗೆ ಬೇಗ ಹಾರಿಹೋಗುತ್ತದೆ.

## ಚೀಸ್ ಯಾಕೆ ಗಂಟಾಗುತ್ತದೆ?

ರೋಮ್‌ನಲ್ಲಿ ಕಾಚೋ ಎ ಪೆಪೆ ಅನ್ನುವ ಪಾಸ್ತಾ ಮಾಡುತ್ತಾರೆ. ಚೀಸ್, ಕಾಳುಮೆಣಸು, ಪಾಸ್ತಾ ನೀರು, ಇಷ್ಟೇ. ಕೇಳಲು ಸುಲಭ, ಮಾಡಲು ಕಷ್ಟ. ಚೀಸ್ ಕರಗಿ ಕೆನೆಯಾಗುವ ಬದಲು ರಬ್ಬರಿನ ಉಂಡೆಯಾಗಿ ಸೌಟಿಗೆ ಅಂಟಿಕೊಳ್ಳುತ್ತದೆ. ಇಟಲಿಯ ಭೌತವಿಜ್ಞಾನಿಗಳ ಒಂದು ತಂಡ ಇದನ್ನೇ ಹಿಡಿದು ಅಧ್ಯಯನ ಮಾಡಿತು. 2025ರಲ್ಲಿ ಅವರಿಗೆ ಭೌತಶಾಸ್ತ್ರದ ಇಗ್ ನೊಬೆಲ್ ಬಂತು. ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗಳಿಗೆ ಕೊಡುವ ಬಹುಮಾನ ಅದು.

ಅವರು ಕಂಡುಕೊಂಡದ್ದು ಅಡುಗೆ ಮನೆಗೆ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಚೀಸಿನಲ್ಲೂ ಪ್ರೋಟೀನು ಇದೆ. ಬಿಸಿ ಸುಮಾರು 65 ಡಿಗ್ರಿ ತಲುಪಿದಾಗ ಅವು ಒಂದಕ್ಕೊಂದು ಹೆಣೆದುಕೊಂಡು ಗಂಟಾಗುತ್ತವೆ. ನಡುವೆ ಪಿಷ್ಟ ಇದ್ದರೆ ಹಾಗೆ ಹೆಣೆದುಕೊಳ್ಳಲು ಬಿಡುವುದಿಲ್ಲ. ಆದರೆ ಪಿಷ್ಟ ಸಾಕಷ್ಟು ಇರಬೇಕು. ಚೀಸಿನ ತೂಕದ ಶೇಕಡಾ 1ಕ್ಕಿಂತ ಕಡಿಮೆ ಇದ್ದರೆ ಗಂಟು, 2ರಿಂದ 3 ಇದ್ದರೆ ಕೆನೆ. ಬರೀ ಪಾಸ್ತಾ ನೀರಿನಲ್ಲಿ ಅಷ್ಟು ಪಿಷ್ಟ ಇರುತ್ತದೆ ಅಂತ ನಂಬುವ ಹಾಗಿಲ್ಲ.

ಹಾಗಾಗಿ ಹೀಗೆ ಮಾಡಿ. 100 ಗ್ರಾಂ ಚೀಸಿಗೆ ಒಂದು ಮಟ್ಟಸ ಸಣ್ಣ ಚಮಚ ಕಾರ್ನ್‌ಫ್ಲೋರ್. ಅದನ್ನು ಮೂರು ದೊಡ್ಡ ಚಮಚ ನೀರಲ್ಲಿ ಕದಡಿ, ಬಿಸಿ ಮಾಡಿ, ಗಟ್ಟಿಯಾಗಿ ಪಾರದರ್ಶಕವಾದ ಮೇಲೆ ಆರಲು ಬಿಡಿ. ತುರಿದ ಚೀಸನ್ನು ಇದಕ್ಕೆ ಸೇರಿಸಿ ನುಣ್ಣಗೆ ಮಾಡಿಕೊಳ್ಳಿ. ಕಾಳುಮೆಣಸನ್ನು ತರಿಯಾಗಿ ಕುಟ್ಟಿ ಹಾಕಿ. ಬಸಿದ ಪಾಸ್ತಾವನ್ನು ಒಂದು ನಿಮಿಷ ಆರಲು ಬಿಟ್ಟು, ಉರಿಯಿಲ್ಲದ ಬಾಣಲೆಯಲ್ಲಿ ಇದರ ಜೊತೆ ಕಲಸಿ. ಬೇಕಾದಷ್ಟು ಪಾಸ್ತಾ ನೀರು ಸೇರಿಸಿ ಸಡಿಲ ಮಾಡಿ.

ಸಸ್ಯಾಹಾರಿಗಳಿಗೆ ಒಂದು ಮುಖ್ಯ ವಿಷಯ. ಇಟಲಿಯ ಪಾರ್ಮಿಜಾನೊ ರೆಜ್ಜಾನೊ, ಪೆಕೊರಿನೊ ರೊಮಾನೊ ಚೀಸುಗಳಲ್ಲಿ ಹಾಲು ಒಡೆಯಲು ಬಳಸುವ ರೆನೆಟ್ ಎಂಬ ಪದಾರ್ಥ ಎಳೆಗರು ಅಥವಾ ಕುರಿಮರಿಯ ಹೊಟ್ಟೆಯಿಂದ ಬರುತ್ತದೆ. ಬೇಡ ಅನ್ನುವವರು ಸಸ್ಯಮೂಲ ಅಥವಾ ಸೂಕ್ಷ್ಮಜೀವಿ ಮೂಲದ ರೆನೆಟ್ ಅಂತ ಬರೆದಿರುವ ಗಟ್ಟಿ ಚೀಸ್ ನೋಡಿ ಕೊಳ್ಳಬಹುದು.

## ವೈಟ್ ಸಾಸ್

ಮಕ್ಕಳು ಹೆಚ್ಚಾಗಿ ಕೇಳುವುದು ಇದನ್ನೇ. 30 ಗ್ರಾಂ ಬೆಣ್ಣೆ, 30 ಗ್ರಾಂ ಮೈದಾ, ಅರ್ಧ ಲೀಟರ್ ಹಾಲು. ಇಲ್ಲೂ ಕೆಲಸ ಮಾಡುವುದು ಪಿಷ್ಟವೇ. ಮೈದಾವನ್ನು ನೇರವಾಗಿ ಬಿಸಿ ಹಾಲಿಗೆ ಹಾಕಿದರೆ ಹೊರಗಿನ ಕಣಗಳು ತಟ್ಟನೆ ಉಬ್ಬಿ ಗೋಡೆ ಕಟ್ಟುತ್ತವೆ, ಒಳಗೆ ಒಣ ಹಿಟ್ಟು ಸಿಕ್ಕಿಕೊಳ್ಳುತ್ತದೆ. ಅದೇ ಗಂಟು. ಮೊದಲು ಬೆಣ್ಣೆಯಲ್ಲಿ ಎರಡು ನಿಮಿಷ ಹುರಿದರೆ ಪ್ರತಿ ಕಣಕ್ಕೂ ಜಿಡ್ಡಿನ ಪದರ ಬರುತ್ತದೆ. ಆಮೇಲೆ ಹಾಲನ್ನು ಸ್ವಲ್ಪ ಸ್ವಲ್ಪವೇ ಹಾಕಿ ಕಲಕಿದರೆ ಕಣಗಳು ಬಿಡಿಬಿಡಿಯಾಗಿ ಉಬ್ಬುತ್ತವೆ. ಕುದಿ ಬರುವ ತನಕ ಕಲಕಬೇಕು. ಆರುತ್ತಾ ಇನ್ನೂ ಗಟ್ಟಿಯಾಗುವುದರಿಂದ ಬೇಕಾದದ್ದಕ್ಕಿಂತ ಸ್ವಲ್ಪ ತೆಳುವಾಗಿರುವಾಗಲೇ ಇಳಿಸಿ.

## ಯಾವ ಆಕಾರಕ್ಕೆ ಯಾವ ಸಾಸ್?

ಪಾಸ್ತಾದ ಹೆಸರುಗಳು ಕಷ್ಟ ಅನ್ನಿಸುತ್ತವೆ, ಆದರೆ ಹೆಚ್ಚಿನವು ಕಂಡದ್ದನ್ನೇ ಹೇಳುತ್ತವೆ. ಸ್ಪಗೆಟ್ಟಿ ಅಂದರೆ ಸಣ್ಣ ದಾರಗಳು. ಪೆನ್ನೆ ಅಂದರೆ ಬರೆಯುವ ಗರಿಗಳು, ತುದಿ ಓರೆಯಾಗಿ ಕತ್ತರಿಸಿರುವುದು ಅದಕ್ಕೇ. ಫಾರ್ಫಾಲೆ ಚಿಟ್ಟೆಗಳು. ಓರೆಕಿಯೆತ್ತೆ ಪುಟ್ಟ ಕಿವಿಗಳು. ರಿಗಾತೆ ಅಂತ ಜೊತೆಗಿದ್ದರೆ ಮೈಮೇಲೆ ಗೀರುಗಳಿವೆ ಅಂತ ಅರ್ಥ. ತಾಲಿಯಾತೆಲ್ಲೆ ಅನ್ನುವ ಪಟ್ಟಿಯಾಕಾರದ ಪಾಸ್ತಾ ಬೆಂದ ಮೇಲೆ 8 ಮಿಲಿಮೀಟರ್ ಅಗಲ ಇರಬೇಕು ಅಂತ 1972ರಲ್ಲಿ ಬೊಲೊನ್ಯಾದ ವಾಣಿಜ್ಯ ಮಂಡಳಿಯಲ್ಲಿ ದಾಖಲಿಸಿದ್ದಾರೆ. ಅಳತೆಗೆ ಚಿನ್ನದಲ್ಲಿ ಮಾಡಿದ ಮಾದರಿಯನ್ನೇ ಇಟ್ಟಿದ್ದಾರೆ.

ತೆಳುವಾದ ಉದ್ದ ಎಳೆಗೆ ಎಣ್ಣೆಯಂತಹ ತೆಳು ಸಾಸ್ ಸರಿ, ಅದು ಎಳೆಯುದ್ದಕ್ಕೂ ಹರಡುತ್ತದೆ. ತರಕಾರಿ ತುಂಡುಗಳಿದ್ದರೆ ಕೊಳವೆ ಅಥವಾ ಬಟ್ಟಲಿನಂತಹ ಆಕಾರ ಒಳ್ಳೆಯದು. ಮನೆಯಲ್ಲಿ ಇರುವುದನ್ನೇ ಹಾಕಿದರೂ ಊಟ ಕೆಡುವುದಿಲ್ಲ.

## ಹಿಟ್ಟಿನಿಂದಲೇ ಶುರು ಮಾಡುವುದಾದರೆ

ಯಂತ್ರ ಬೇಕಿಲ್ಲ. ಮೊಟ್ಟೆ ತಿನ್ನುವವರಿಗೆ ಲೆಕ್ಕ ಹೀಗೆ: 100 ಗ್ರಾಂ ಮೈದಾಗೆ ಒಂದು ಮೊಟ್ಟೆ. ಮೊಟ್ಟೆ ಬೇಡ ಅಂದರೆ 200 ಗ್ರಾಂ ನುಣುಪಾದ ಡ್ಯೂರಮ್ ರವೆಗೆ ಸುಮಾರು 100 ಮಿ.ಲೀ. ಬೆಚ್ಚಗಿನ ನೀರು.

ಮೊದಲು ಪುಡಿಪುಡಿಯಾಗಿ ಒಣಕಲಾಗಿ ಕಾಣುತ್ತದೆ. ನೀರು ಸುರಿಯಲು ಅವಸರ ಮಾಡಬೇಡಿ. 8-10 ನಿಮಿಷ ಅಂಗೈಯಿಂದ ಒತ್ತಿ, ಮಡಚಿ, ತಿರುಗಿಸಿ ನಾದಿ. ಆ ಹೊತ್ತಲ್ಲಿ ಗ್ಲುಟನ್ ಬಲೆ ಹೆಣೆದುಕೊಳ್ಳುತ್ತಿರುತ್ತದೆ. ಬಿರುಕುಗಳು ಮಾಯವಾಗಿ ಮೈ ನುಣುಪಾಗುತ್ತದೆ. ಕಿವಿಯ ಹಾಲೆಯನ್ನು ಒಮ್ಮೆ ಮುಟ್ಟಿ ನೋಡಿಕೊಳ್ಳಿ, ಹಿಟ್ಟು ಅದಕ್ಕಿಂತ ಸ್ವಲ್ಪ ಬಿಗಿಯಾಗಿರಬೇಕು. ಮುಚ್ಚಿ ಅರ್ಧ ಗಂಟೆ ಬಿಡಿ. ನಾದಿದ ಕೂಡಲೇ ಲಟ್ಟಿಸಿದರೆ ಬಲೆ ಬಿಗಿಯಾಗಿರುವುದರಿಂದ ರಬ್ಬರಿನ ಹಾಗೆ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಬಿಟ್ಟರೆ ಸಡಿಲವಾಗುತ್ತದೆ, ಒಳಗಿನ ಒಣ ಕಣಗಳಿಗೂ ನೀರು ತಲುಪುತ್ತದೆ.

ಮೊಟ್ಟೆಯ ಹಿಟ್ಟನ್ನು ಒಂದು ಮಿಲಿಮೀಟರ್‌ನಷ್ಟು ತೆಳ್ಳಗೆ ಲಟ್ಟಿಸಿ, ಒಣ ಹಿಟ್ಟು ಉದುರಿಸಿ, ಸಡಿಲವಾಗಿ ಸುರುಳಿ ಸುತ್ತಿ ಚಾಕುವಿನಿಂದ ಪಟ್ಟಿ ಕತ್ತರಿಸಿ. ಕೂಡಲೇ ಬಿಡಿಸಿ ಹರಡಿ. ಎರಡು-ಮೂರು ನಿಮಿಷದಲ್ಲಿ ಬೇಯುತ್ತದೆ.

ರವೆಯ ಹಿಟ್ಟಿಗೆ ನಾನು ಹೇಳುವುದು ಪುಟ್ಟ ಕಿವಿಗಳನ್ನು. ಇಟಲಿಯ ಪುಲ್ಯಾ ಪ್ರಾಂತ್ಯದಲ್ಲಿ ಹೆಂಗಸರು ಮನೆ ಬಾಗಿಲಲ್ಲಿ ಕೂತು ಮಾಡುವ ಆಕಾರ ಇದು. ಹಿಟ್ಟನ್ನು ಬೆರಳಿನ ದಪ್ಪಕ್ಕೆ ಹೊಸೆದು, ಒಂದು ಸೆಂಟಿಮೀಟರ್ ತುಂಡು ಮಾಡಿ. ಮೊಂಡು ಚಾಕುವಿನ ಅಂಚಿನಿಂದ ಒತ್ತುತ್ತಾ ನಿಮ್ಮ ಕಡೆಗೆ ಎಳೆಯಿರಿ. ತುಂಡು ಸುರುಳಿಕೊಂಡು ಚಿಪ್ಪಾಗುತ್ತದೆ. ಅದನ್ನು ಹೆಬ್ಬೆರಳ ತುದಿಗೆ ಟೋಪಿಯ ಹಾಗೆ ಹಾಕಿ ಒಳಗಿನದನ್ನು ಹೊರಗೆ ಮಗುಚಿ. ಮೊದಲ ಹತ್ತು ಸೊಟ್ಟಗಾಗುತ್ತವೆ. ಮೂವತ್ತನೆಯದರ ಹೊತ್ತಿಗೆ ಕೈ ಕಲಿತಿರುತ್ತದೆ. ದಪ್ಪ ಇರುವುದರಿಂದ ಬೇಯಲು ಹೆಚ್ಚು ಹೊತ್ತು ಬೇಕು. ನಾಲ್ಕು ನಿಮಿಷದಿಂದ ಒಂದೊಂದೇ ತೆಗೆದು ಕಚ್ಚಿ ನೋಡಿ.

## ಉಳಿದರೆ

ಬೆಂದ ಪಾಸ್ತಾವನ್ನು ಹೊರಗೆ ಎರಡು ಗಂಟೆಗಿಂತ ಹೆಚ್ಚು ಇಡಬೇಡಿ. ಪಿಷ್ಟದ ಪದಾರ್ಥದಲ್ಲಿ ಬೆಳೆಯುವ ಒಂದು ಬ್ಯಾಕ್ಟೀರಿಯಾ ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಫ್ರಿಜ್ಜಿನಲ್ಲಿಟ್ಟು ಒಂದೆರಡು ದಿನದಲ್ಲಿ ಮುಗಿಸಿ.

ಫ್ರಿಜ್ಜಿನಿಂದ ತೆಗೆದಾಗ ಪಾಸ್ತಾ ಗಟ್ಟಿಯಾಗಿರುತ್ತದೆ. ಉಬ್ಬಿದ ಪಿಷ್ಟ ತಣ್ಣಗಾದಾಗ ಮತ್ತೆ ಒತ್ತೊತ್ತಾಗಿ ಜೋಡಿಸಿಕೊಳ್ಳುವುದರಿಂದ ಹಾಗಾಗುತ್ತದೆ. ಬಾಣಲೆಗೆ ಹಾಕಿ ಎರಡು-ಮೂರು ಚಮಚ ನೀರು ಚಿಮುಕಿಸಿ, ಮುಚ್ಚಿ, ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಸಡಿಲವಾಗುತ್ತದೆ. ಎತ್ತಿಟ್ಟ ಪಾಸ್ತಾ ನೀರನ್ನೂ ಫ್ರಿಜ್ಜಿನಲ್ಲಿ ಇಟ್ಟಿದ್ದರೆ ಅದನ್ನೇ ಚಿಮುಕಿಸಿ. ಸಾಸ್ ಮತ್ತೆ ಕೂಡಿಕೊಳ್ಳುತ್ತದೆ.